ಪವನ್ ಹೋದ ಮೇಲೆ: ಕೋಟೆನಾಡಿನ ಕಬಡ್ಡಿ ಜಿಜ್ಞಾಸೆ

ಬೆಂಗಳೂರು ಬುಲ್ಸ್ ತಂಡ ಯಾವ ಆಟಗಾರನನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಕೈಬಿಡಬೇಕಿತ್ತು, ತರಬೇತುದಾರರನ್ನು ಬದಲಿಸಲು ಅಷ್ಟು ವರ್ಷ ಏಕೆ ಕಾಯಿತು ಎಂಬ ವಾದವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಬಡ್ಡಿ ಪ್ರಿಯರು ಸ್ವಂತ ಮನೆಯ ವ್ಯವಹಾರದಂತೆ ನಡೆಸುತ್ತಾರೆ. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಏರ್ಪಡಿಸಿ, ಊರ ತಂಡಕ್ಕೆ ಏಳು ಮಂದಿಯನ್ನು ಆರಿಸಿ, ಸೋತರೆ ಆ ಆಯ್ಕೆಗೆ ಊರವರೆದುರು ಉತ್ತರ ಹೇಳಿ ರೂಢಿಯಿರುವವರ ವಾದವಾದ್ದರಿಂದ ಅದಕ್ಕೆ ತೂಕವಿದೆ. ಕಳೆದ ಕೆಲವು ವರ್ಷಗಳಿಂದ ಈ ಚರ್ಚೆ ಎಲ್ಲಿ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಪವನ್ ಸೆಹ್ರಾವತ್ ಅವರನ್ನು ಬಿಟ್ಟುಕೊಟ್ಟದ್ದು ಸರಿಯೇ ಎಂಬ ಒಂದೇ ಪ್ರಶ್ನೆಯಲ್ಲಿ.

ಪ್ರಶ್ನೆಯ ಹಿನ್ನೆಲೆ ಚಿಕ್ಕದು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮರುವರ್ಷವೇ ಬುಲ್ಸ್ ಫೈನಲ್ ತಲುಪಿ ಯು ಮುಂಬಾಗೆ 36–30ರಿಂದ ಸೋತಿತು. 2019ರ ಜನವರಿ 5ರಂದು ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಆ ರಾತ್ರಿಯ 38 ಅಂಕಗಳಲ್ಲಿ 22 ಪವನ್ ಒಬ್ಬರವೇ. ಅದೇ ವರ್ಷದ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಅವರು ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ಗಳಿಸಿ ದಾಖಲೆ ಬರೆದರು. ರೈಡರ್ ಎಂದರೆ 30 ಸೆಕೆಂಡುಗಳೊಳಗೆ ಎದುರಾಳಿ ಅಂಕಣಕ್ಕೆ ನುಗ್ಗಿ, ಮುಟ್ಟಿ, ಹಿಂದಿರುಗಬೇಕಾದ ದಾಳಿಗಾರ. ಆ ಕೆಲಸವನ್ನು ಪವನ್ ಅವರಷ್ಟು ಸೊಗಸಾಗಿ ಮಾಡಿದವರು ಬುಲ್ಸ್ ಅಂಗಿ ತೊಟ್ಟವರಲ್ಲಿ ಮತ್ತೊಬ್ಬರಿಲ್ಲ.

2022ರ ಹರಾಜಿಗೆ ಮುನ್ನ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ಕೊಟ್ಟು ಕೊಂಡೊಯ್ದಿತು, ಬುಲ್ಸ್ 1.70 ಕೋಟಿಗೆ ವಿಕಾಸ್ ಕಂಡೋಲಾ ಎಂಬ ಇನ್ನೊಬ್ಬ ರೈಡರ್‌ನನ್ನು ತಂದಿತು. ಇಡೀ ತಂಡ ಕಟ್ಟಲು ಪ್ರತಿ ಫ್ರಾಂಚೈಸಿಗೆ ಆ ವರ್ಷ ಇದ್ದ ಮಿತಿ 4.4 ಕೋಟಿಯಾದ್ದರಿಂದ, ಪವನ್ ಒಬ್ಬರಿಗಾಗಿ ತಲೈವಾಸ್ ತನ್ನ ಥೈಲಿಯ ಅರ್ಧಕ್ಕಿಂತ ಹೆಚ್ಚನ್ನು ಸುರಿದಂತಾಯಿತು. ಅನಂತರದ ಮೂರು ಆವೃತ್ತಿಗಳ ಅಂಕಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎದ್ದು ಕಾಣುವ ಸಂಗತಿ, ಈ ವಾದದಲ್ಲಿ ಎರಡೂ ಪಕ್ಷದವರು ಗಮನಿಸಲೇಬೇಕಾದಷ್ಟು ಬೆರಗಿನದು. ಒಂಬತ್ತನೇ ಆವೃತ್ತಿಯ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದರು. ಆದರೂ ಅವರಿಲ್ಲದ ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು, ಅವರನ್ನು ಬಿಟ್ಟುಕೊಟ್ಟ ಬುಲ್ಸ್ ಕೂಡ ಅದೇ ಆವೃತ್ತಿಯಲ್ಲಿ ಸೆಮಿಫೈನಲ್ ತಲುಪಿತು. ಮುಂದಿನ ಆವೃತ್ತಿಗೆ ತೆಲುಗು ಟೈಟನ್ಸ್ 2.6 ಕೋಟಿಗೂ ಮಿಕ್ಕಿದ ಬೆಲೆಗೆ ಅವರನ್ನು ಕೊಂಡಿತು. ಪವನ್ ಆಡಿದರು, ಅಂಕವನ್ನೂ ಗಳಿಸಿದರು, ಆದರೆ ತಂಡ 22 ಪಂದ್ಯಗಳಲ್ಲಿ ಕೇವಲ 2 ಗೆದ್ದು ಕೊನೆಯ ಸ್ಥಾನಕ್ಕೆ ಕುಸಿಯಿತು. ಅದರ ಮರುವರ್ಷ, ಅಂದರೆ 2024ರಲ್ಲಿ, ಬುಲ್ಸ್ 22ರಲ್ಲಿ ಅಷ್ಟೇ 2 ಪಂದ್ಯ ಗೆದ್ದು ಅದೇ ಕೊನೆಯ ಸ್ಥಾನದಲ್ಲಿ ಕುಳಿತಿತು. ಪವನ್ ಇಲ್ಲದೆ ಎರಡು ತಂಡ ಸೆಮಿಫೈನಲ್‌ಗೆ ಹೋದವು, ಪವನ್ ಇದ್ದೂ ಒಂದು ತಂಡ ತಳ ಕಂಡಿತು ಎಂದಮೇಲೆ ಬುಲ್ಸ್ ಪತನದ ಕಾರಣವನ್ನು ಅವರ ನಿರ್ಗಮನವೊಂದರಲ್ಲೇ ಹುಡುಕುವುದು ಸರಿಯಾಗಲಾರದು.

ಕಾರಣ ಇರುವುದು ಕಾರ್ನರ್ ಮತ್ತು ಕವರ್‌ಗಳಲ್ಲಿ. ಅಂಕಣದ ಎರಡು ತುದಿಗಳಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವವರು ಕಾರ್ನರ್ ಆಟಗಾರರು, ಅವರ ಒಳಮಗ್ಗುಲಲ್ಲಿ ನಿಂತು ಸೊಂಟ ಹಿಡಿಯುವ ಅಥವಾ ಗುದ್ದಿ ಹೊರದಬ್ಬುವವರು ಕವರ್ ಆಟಗಾರರು; ಇಬ್ಬರೂ ಒಂದೇ ಕ್ಷಣಕ್ಕೆ ಮುನ್ನುಗ್ಗದಿದ್ದರೆ ಹಿಡಿತ ತಪ್ಪಿ ಎರಡು ಅಂಕ ಒಟ್ಟಿಗೆ ಹೋಗುತ್ತದೆ. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಎಷ್ಟೇ ಬಲಶಾಲಿಯಾದರೂ ಜೊತೆಯದು ಹೆಜ್ಜೆ ಹಾಕದಿದ್ದರೆ ನೇಗಿಲ ಸಾಲು ಸೊಟ್ಟಗಾಗುವುದನ್ನು ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗಿದ್ದೂ 2024ರ ಹರಾಜಿನಲ್ಲಿ ಬುಲ್ಸ್ ಅಜಿಂಕ್ಯ ಪವಾರ್ ಅವರಿಗೆ 1.10 ಕೋಟಿ, ವೃತ್ತಿಜೀವನದ ಮುಸ್ಸಂಜೆಯಲ್ಲಿದ್ದ ಪರ್ದೀಪ್ ನರ್ವಾಲ್ ಅವರಿಗೆ 70 ಲಕ್ಷ ಕೊಟ್ಟು ದೊಡ್ಡ ಮೊತ್ತವನ್ನು ಮತ್ತೆ ದಾಳಿಗೇ ಸುರಿಯಿತು.

ತರಬೇತುದಾರರ ವಿಷಯದಲ್ಲಿ ಅಭಿಮಾನಿಗಳ ಅಸಮಾಧಾನಕ್ಕೆ ಹೆಚ್ಚಿನ ಆಧಾರವಿದೆ. ರಣಧೀರ್ ಸಿಂಗ್ ಸೆಹ್ರಾವತ್ ಮೊದಲ ಆವೃತ್ತಿಯಿಂದ ಹನ್ನೊಂದನೆಯದರವರೆಗೆ ತಂಡದ ಜೊತೆಗಿದ್ದು, ಹೊಸಬರನ್ನು ಗುರುತಿಸಿ ಬೆಳೆಸಿದ ಕೀರ್ತಿಗೆ ನಿಜಕ್ಕೂ ಅರ್ಹರು. ಆದರೆ ಅದೇ ಅವಧಿಯಲ್ಲಿ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್, ಬುಲ್ಸ್ ಕಪ್ ಗೆದ್ದ ಆವೃತ್ತಿಯಲ್ಲಿ ತಂಡದ ತರಬೇತಿ ಬಳಗದಲ್ಲಿದ್ದು, ಬಳಿಕ ಹೊರಹೋಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೂ ಕಪ್ ಗೆದ್ದುಕೊಟ್ಟರು. ಮನೆಯ ಗುರು ಪರರ ತಂಡಗಳನ್ನು ಗೆಲ್ಲಿಸುತ್ತಿರುವಾಗ ಮನೆಯ ತಂಡ ಕಾಯುತ್ತ ಕುಳಿತದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 2025ರಲ್ಲಿ ರಮೇಶ್ ಮರಳಿದರು. ಆ ವರ್ಷದ ಹರಾಜಿನಲ್ಲಿ ತಂಡ 1.12 ಕೋಟಿ ಕೊಟ್ಟದ್ದು ಯೋಗೇಶ್ ಎಂಬ ರಕ್ಷಣಾ ಆಟಗಾರನಿಗೆ, ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇ ಆಫ್ ತಲುಪಿತು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಕರಾವಳಿಯ ಸುಕೇಶ್ ಹೆಗ್ಡೆ ಗುಜರಾತ್ ತಂಡಕ್ಕೂ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್‌ಗೂ ನಾಯಕರಾದರು. ಕನ್ನಡಿಗರು ಹೊರರಾಜ್ಯದ ತಂಡಗಳನ್ನು ಮುನ್ನಡೆಸಬಲ್ಲರಾದರೆ, ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಅವರ ಸಂಖ್ಯೆ ವಿರಳವಾಗಿರುವುದಕ್ಕೆ ಪ್ರತಿಭೆಯ ಅಭಾವವನ್ನು ಕಾರಣವಾಗಿ ಹೇಳಲು ಬರುವುದಿಲ್ಲ. ಹೊಸದುರ್ಗ, ಹೊಳಲ್ಕೆರೆಗಳ ಅಂಕಣಗಳಲ್ಲಿ ರಾತ್ರಿಯಿಡೀ ಕಾಲು ಹಿಡಿಯುವುದನ್ನು ಕಲಿತ ಹುಡುಗನನ್ನು ಆಯ್ಕೆದಾರರು ಬಂದು ನೋಡುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲಿ ರೂಪುಗೊಳ್ಳಬೇಕು. ಅಭಿಮಾನಿಗಳು ಹರಾಜಿನ ದಿನ ರೈಡರ್ ಯಾರೆಂದು ಕೇಳುವ ಮೊದಲು ಎಡ ಕಾರ್ನರ್ ಯಾರು, ಬಲ ಕಾರ್ನರ್ ಯಾರು, ಅವರಲ್ಲಿ ನಮ್ಮ ನೆಲದವರೆಷ್ಟು ಎಂದು ಕೇಳಿದರೆ, ತಂಡದ ಆಡಳಿತಕ್ಕೆ ಅದಕ್ಕಿಂತ ಉಪಯುಕ್ತವಾದ ಒತ್ತಡ ಬೇರೊಂದಿಲ್ಲ.