ಕಳ್ಳಿ ಕುಲದ ಸಸ್ಯಗಳು ಮತ್ತು ಹುಲ್ಲುನೆಲದ ರಕ್ಷಣೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯನ್ನು ಕುರಿತು ಒಂದು ವಿವೇಚನೆ

ಕನ್ನಡದ ಜನಬಳಕೆಯಲ್ಲಿ ‘ಕಳ್ಳಿ’ ಎಂಬ ಪದ ಎರಡು ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸಲ್ಲುತ್ತದೆ. ಪಾಪಾಸುಕಳ್ಳಿ ಅಮೆರಿಕ ಮೂಲದ ಕ್ಯಾಕ್ಟಸ್ ಕುಟುಂಬಕ್ಕೆ ಸೇರಿದ್ದು. ಚದುರಗಳ್ಳಿ, ಎಲೆಗಳ್ಳಿ, ಬೊಂತೆಗಳ್ಳಿಗಳು ಯೂಫೋರ್ಬಿಯ ಕುಲದವು. ಗೀರಿದಾಗ ಬಿಳಿಯ ಹಾಲು ಒಸರಿದರೆ ಅದು ಎರಡನೆಯ ಗುಂಪಿಗೆ ಸೇರಿದ್ದೆಂದು ತಿಳಿಯಬಹುದು, ಪಾಪಾಸುಕಳ್ಳಿಯಲ್ಲಿ ಹಾಲಿರುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಎರಡನೆಯ ಗುಂಪನ್ನೂ ಅದು ಬೆಳೆಯುವ ನೆಲದ ಸ್ಥಿತಿಯನ್ನೂ ಪರಿಶೀಲಿಸಲಾಗಿದೆ.

ಯೂಫೋರ್ಬಿಯ ಕುಲದಲ್ಲಿ ಸುಮಾರು 2000 ಪ್ರಭೇದಗಳಿವೆ. ಮಾರಿಟಾನಿಯದ ದೊರೆ ಎರಡನೆಯ ಜೂಬನ ವೈದ್ಯನಾಗಿದ್ದ ಯೂಫೋರ್ಬಸ್‌ನಿಂದ ಕುಲಕ್ಕೆ ಈ ಹೆಸರು ಬಂದಿದೆ. ಒಂದೇ ಹೂವೆಂದು ನಮಗೆ ತೋರುವುದು ವಾಸ್ತವವಾಗಿ ಬಟ್ಟಲಿನಾಕಾರದ ಒಂದು ಹೂಗೊಂಚಲು. ಅದರ ನಡುವೆ ಒಂದೇ ಹೆಣ್ಣು ಹೂ, ಸುತ್ತಲೂ ಒಂದೊಂದೇ ಕೇಸರವುಳ್ಳ ಗಂಡು ಹೂಗಳು, ಅಂಚಿನಲ್ಲಿ ಮಕರಂದ ಗ್ರಂಥಿಗಳು ಇರುತ್ತವೆ. ಹಾಲಿನಲ್ಲಿರುವ ಡೈಟರ್ಪೀನ್ ಸಂಯುಕ್ತಗಳು ಚರ್ಮವನ್ನು ಸುಡುತ್ತವೆ. ಕಣ್ಣಿಗೆ ಬಿದ್ದರೆ ತೀವ್ರವಾದ ಅಪಾಯವುಂಟು. ದನಕರುಗಳು ಈ ಗಿಡಗಳಿಗೆ ಬಾಯಿ ಹಾಕದಿರುವುದಕ್ಕೂ ರೈತರು ಇವನ್ನು ಬೇಲಿಗೆ ಆರಿಸಿದುದಕ್ಕೂ ಇದೇ ಕಾರಣ.

ಬೊಂತೆಗಳ್ಳಿ ಆಫ್ರಿಕ ಮೂಲದ್ದೆಂದು ಭಾವಿಸಲಾಗಿದ್ದರೂ ಬಹು ಹಿಂದೆಯೇ ಇಲ್ಲಿ ನೆಲೆಯೂರಿದೆ. 1678ರಿಂದ 1693ರವರೆಗೆ ಪ್ರಕಟವಾದ ‘ಹಾರ್ಟಸ್ ಮಲಬಾರಿಕಸ್’ನಲ್ಲಿ ಬಂದ ‘ತಿರುಕಳ್ಳಿ’ ಎಂಬ ಮಲಯಾಳಂ ಹೆಸರನ್ನೇ ಲಿನೇಯಸ್ 1753ರಲ್ಲಿ ಪ್ರಭೇದನಾಮವಾಗಿ ಉಳಿಸಿಕೊಂಡನು. ಎಲೆಗಳ್ಳಿಯು ಆಯುರ್ವೇದದ ಸ್ನುಹಿ. ಅದರ ಹಾಲನ್ನು ಕ್ಷಾರಸೂತ್ರದ ತಯಾರಿಕೆಯಲ್ಲಿ ಬಳಸುತ್ತಾರೆ. ಅಚ್ಚೆಗಿಡದಂತಹ ಸಣ್ಣ ಮೂಲಿಕೆಗಳೂ ಇದೇ ಕುಲಕ್ಕೆ ಸೇರಿದವು.

ಕಳ್ಳಿಯೆಂದರೆ ಒಣನೆಲದ ಗಿಡವೆಂಬ ನಮ್ಮ ತಿಳಿವಳಿಕೆ ಅಪೂರ್ಣವಾದುದು. ಯೂರೋಪಿನ ಜೌಗು ಹುಲ್ಲುಗಾವಲುಗಳಲ್ಲಿಯೂ ನದೀತೀರಗಳಲ್ಲಿಯೂ ಯೂಫೋರ್ಬಿಯ ಪಲುಸ್ಟ್ರಿಸ್ ಎಂಬ ಎತ್ತರದ ಬಹುವಾರ್ಷಿಕ ಮೂಲಿಕೆ ಬೆಳೆಯುತ್ತದೆ. ಕೃಷಿಗಾಗಿ ಜೌಗು ನೆಲದ ನೀರನ್ನು ಬಸಿದು ಹೊರಹಾಕಿದುದರಿಂದಲೂ ನದಿಗಳನ್ನು ದಂಡೆ ಕಟ್ಟಿ ಬಂಧಿಸಿದುದರಿಂದಲೂ ಅದು ಹಲವೆಡೆ ವಿರಳವಾಯಿತು; ಜರ್ಮನಿಯಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರೆತಿದೆ. ಆ ಗಿಡವನ್ನು ಯಾರೂ ಕಿತ್ತು ಮುಗಿಸಲಿಲ್ಲ, ಅದರ ನೆಲ ಬದಲಾಯಿತು. ನಮ್ಮ ಸೀಮೆಗೂ ಅನ್ವಯಿಸಬೇಕಾದ ಪಾಠ ಇದೇ.

ದಖ್ಖನ್ ಪ್ರಸ್ಥಭೂಮಿಯಲ್ಲಿಯೂ ಕಂಡುಬರುವ ಯೂಫೋರ್ಬಿಯ ಫ್ಯೂಸಿಫಾರ್ಮಿಸ್ ಎಂಬ ಪ್ರಭೇದವನ್ನು ಇಲ್ಲಿ ಉಲ್ಲೇಖಿಸಬೇಕು. ಇದಕ್ಕೆ ನೆಲದ ಮೇಲೆ ಕಾಂಡವಿಲ್ಲವೆನ್ನಬಹುದು. ಕದಿರಿನಾಕಾರದ ಗಡ್ಡೆ ಮಣ್ಣಿನೊಳಗಿರುತ್ತದೆ. ಬೇಸಿಗೆಯಲ್ಲಿ ಎಲೆಯಿಲ್ಲದೆ ಹೂ ಬಿಡುತ್ತದೆ. ಮಳೆ ಬಿದ್ದ ಮೇಲೆ ಎಲೆ ಮೂಡುತ್ತದೆ. ಈ ಹೆಸರನ್ನು ಮೊದಲು ಸೂಚಿಸಿದವನು ಫ್ರಾನ್ಸಿಸ್ ಬುಕಾನನ್. 1825ರಲ್ಲಿ ಡೇವಿಡ್ ಡಾನ್ ಅದನ್ನು ಪ್ರಕಟಿಸಿದನು. 1800–01ರಲ್ಲಿ ಮೈಸೂರು ಸಂಸ್ಥಾನವನ್ನು ಸುತ್ತಿ, ತುಮಕೂರು ಸೀಮೆಯನ್ನೂ ಹಾದುಹೋದ ಬುಕಾನನನೇ ಈತ. ಇಂತಹ ಗಿಡವನ್ನು ಒಂದೇ ಋತುವಿನ ಸಮೀಕ್ಷೆಯಿಂದ ಗುರುತಿಸಲಾಗದು. ಮಳೆಗಾಲದಲ್ಲಿ ಹೋದವರಿಗೆ ಹೂ ಸಿಕ್ಕುವುದಿಲ್ಲ, ಬೇಸಿಗೆಯಲ್ಲಿ ಹೋದವರಿಗೆ ಎಲೆ ಸಿಕ್ಕುವುದಿಲ್ಲ. ಒಮ್ಮೆ ಕಾಣದಿದ್ದ ಮಾತ್ರಕ್ಕೆ ‘ಇಲ್ಲಿ ಇಲ್ಲ’ವೆಂದು ಬರೆಯುವುದು ಸಾಧುವಲ್ಲ.

ಈ ಸೀಮೆಯ ತೇವದ ಹುಲ್ಲುನೆಲಗಳು ಬಹುಮಟ್ಟಿಗೆ ಕೆರೆಗಳ ಕೊಡುಗೆ. ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ ಇವುಗಳಂತಹ ಜಲಾಶಯಗಳಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳ ಹಸಿರಾಗಿ ದನಗಳಿಗೆ ಮೇವಾಗುತ್ತದೆ. ಅದರಾಚೆಯ ಮಳೆಯಾಶ್ರಿತ ಹುಲ್ಲುನೆಲಗಳೇ ಗೋಮಾಳ ಮತ್ತು ಕಾವಲುಗಳು. ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಕುಣಿಗಲ್ ಹೆಸರಾಗಿರುವುದು ಈ ಹುಲ್ಲಿನ ಪರಂಪರೆಗೆ ನಿದರ್ಶನ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ ವಿಸ್ತೀರ್ಣದ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಸ್ಥಳದ ಹೆಸರು ಬಿದರೆಹಳ್ಳ ಕಾವಲ್. ಕೈಗಾರಿಕೆಯ ಅಗತ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಂದಾಯ ದಾಖಲೆಯ ದೃಷ್ಟಿಯಲ್ಲಿ ‘ಖಾಲಿ’ಯೆನಿಸುವ ನೆಲ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಖಾಲಿಯಾಗಿರುವುದಿಲ್ಲ ಎಂಬುದನ್ನು ಇಂತಹ ಹೆಸರುಗಳು ನೆನಪಿಸುತ್ತವೆ.

ಕಾನೂನಿನ ರಕ್ಷಣೆ ಎಲ್ಲಿಯವರೆಗೆ ತಲುಪುತ್ತದೆ? 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಯೂಫೋರ್ಬಿಯದ ರಸಭರಿತ ಪ್ರಭೇದಗಳು ಸೇರಿವೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯ ಮೂಲಕ ಈ ಒಪ್ಪಂದಕ್ಕೆ ದೇಶೀಯ ಕಾನೂನಿನ ಬಲ ದೊರೆಯಿತು. ಆದರೆ ಸೈಟಿಸ್‌ನ ಮುಖ್ಯ ಗುರಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ. ಗೋಮಾಳ ಬಡಾವಣೆಯಾದಾಗಲೂ ಕಳ್ಳಿಬೇಲಿ ಕಿತ್ತು ತಂತಿಬೇಲಿ ಬಂದಾಗಲೂ ಅದು ಅಡ್ಡ ಬರುವುದಿಲ್ಲ. ದೇವರಾಯನದುರ್ಗದ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶದ ಪ್ರಯತ್ನ ಶ್ಲಾಘನೀಯವಾದುದು. ಆದರೆ ಅದು ಬೆಟ್ಟದ ಕಾಡಿನದು, ಬಯಲಿನ ಹುಲ್ಲುನೆಲಕ್ಕೆ ಅಂತಹ ಆಸರೆಯಿಲ್ಲ.

2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಗ್ರಾಮ ಪಂಚಾಯಿತಿಗಳಲ್ಲಿ ರಚಿತವಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಕಳ್ಳಿ ಕುಲದ ಪ್ರತಿ ಪ್ರಭೇದವನ್ನೂ ಊರಿನ ಹೆಸರು, ಶಾಸ್ತ್ರೀಯ ಹೆಸರು, ಹೂ ಬಿಡುವ ಕಾಲ, ನೆಲದ ಸರ್ವೆ ನಂಬರುಗಳೊಡನೆ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿ ಬರೆಯುವುದು ಅಪೇಕ್ಷಣೀಯ. ಸರ್ವೆ ನಂಬರನ್ನು ಸೇರಿಸಿದಾಗ ಗಿಡದ ದಾಖಲೆಯೇ ನೆಲದ ದಾಖಲೆಯೂ ಆಗುತ್ತದೆ. ನೆಲವನ್ನು ಮರೆತು ಗಿಡದ ಹೆಸರನ್ನಷ್ಟೇ ಪಟ್ಟಿಗೆ ಸೇರಿಸಿದರೆ ಕೊನೆಗೆ ಉಳಿಯುವುದು ಪಟ್ಟಿ ಮಾತ್ರ.