ಶನೆಲ್ ಜಾಕೆಟ್‌ನ ಒಳಮೈ

ಶನೆಲ್ ಜಾಕೆಟ್‌ನ ಒಳಗೆ, ಕೆಳ ಅಂಚಿನುದ್ದಕ್ಕೂ, ತೆಳುವಾದ ಲೋಹದ ಸರಪಳಿಯೊಂದನ್ನು ಕೈಯಿಂದ ಹೊಲಿದು ಕೂರಿಸಿರುತ್ತಾರೆ. ತೊಟ್ಟವರಿಗಲ್ಲದೆ ಬೇರೆ ಯಾರಿಗೂ ಅದು ಕಾಣದು. ಹಗುರ ಬಟ್ಟೆ ಸೊಂಟದ ಮೇಲೆ ನೇರವಾಗಿ ಇಳಿಬಿದ್ದಿರಲೆಂದು ಕೊಟ್ಟ ತೂಕ ಅದು. ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಕೊಕೊ ಶನೆಲ್ 1950ರ ದಶಕದಲ್ಲಿ ರೂಪಿಸಿದ ಹೆಂಗಸರ ಸೂಟ್ ಜಾಕೆಟ್‌ನ ಹೆಚ್ಚುಗಾರಿಕೆಯೆಲ್ಲ ಹೀಗೆ ಒಳಗಡೆಯೇ ಇದೆ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಶನೆಲ್ ತಮ್ಮ ಉಡುಪಿನ ವ್ಯವಹಾರ ನಿಲ್ಲಿಸಿದ್ದರು. ಯುದ್ಧಕಾಲದಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಜೊತೆಗಿದ್ದ ಸಂಬಂಧದ ಕಳಂಕವೂ ಅವರಿಗೆ ಅಂಟಿತ್ತು. ಅದನ್ನು ಮುಚ್ಚಿಟ್ಟು ಅವರ ಕಸುಬನ್ನು ಹೊಗಳುವುದು ಸರಿಯಲ್ಲ. ಅಷ್ಟರಲ್ಲಿ, 1947ರಲ್ಲಿ, ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ನಡು ಬಿಗಿದು ಸೊಂಟ ಉಬ್ಬಿಸುವ ಹೊಸ ಶೈಲಿ ತಂದು ಪ್ಯಾರಿಸನ್ನು ಗೆದ್ದರು. ನೋಡಲು ಸೊಗಸು, ತೊಟ್ಟು ಓಡಾಡಲು ಕಷ್ಟ. ಅದಕ್ಕೆ ಉತ್ತರವೆಂಬಂತೆ 1954ರ ಫೆಬ್ರುವರಿ 5ರಂದು, ಎಪ್ಪತ್ತು ದಾಟಿದ್ದ ಶನೆಲ್ ಮತ್ತೆ ಪ್ರದರ್ಶನ ಏರ್ಪಡಿಸಿದರು. ಫ್ರೆಂಚ್ ಪತ್ರಿಕೆಗಳು ಮೂಗು ಮುರಿದವು. ಅಮೆರಿಕದ ಹೆಂಗಸರು ಮೆಚ್ಚಿ ಕೊಂಡರು.

ಈ ಜಾಕೆಟ್‌ಗೆ ಬಳಸುವ ಟ್ವೀಡ್ ಎಂಬ ಉಣ್ಣೆ ಬಟ್ಟೆಯ ನೇಯ್ಗೆ ಸಡಿಲ. ಕತ್ತರಿ ಆಡಿಸಿದ ಕಡೆಯೆಲ್ಲ ಎಳೆ ಬಿಚ್ಚಿಕೊಳ್ಳುತ್ತದೆ. ಗಂಡಸರ ಕೋಟಿಗೆ ಕೊಡುವಂತೆ ಒಳಗೆ ಕ್ಯಾನ್ವಾಸ್ ಕೊಟ್ಟರೆ ಮೃದುತ್ವವೇ ಹೋಯಿತು. ಹಾಗಾಗಿ ರೇಷ್ಮೆ ಲೈನಿಂಗನ್ನೇ ಟ್ವೀಡಿಗೆ ಸೇರಿಸಿ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ನಮ್ಮ ಕೌದಿಯಂತೆ ಪದರಗಳು ಒಂದಾಗುತ್ತವೆ. ಹೊರಗಿನಿಂದ ನೋಡಿದರೆ ಆ ಹೊಲಿಗೆ ಒರಟು ನೂಲಿನ ನಡುವೆ ಮುಳುಗಿಹೋಗಿರುತ್ತದೆ. ಸಾಲುಗಳನ್ನು ಅಂಚಿನವರೆಗೆ ಎಳೆಯುವುದಿಲ್ಲ. ಮೊದಲು ಟ್ವೀಡಿನ ಭಾಗಗಳನ್ನು ಜೋಡಿಸಿ, ಆಮೇಲೆ ಲೈನಿಂಗಿನ ಅಂಚು ಮಡಚಿ ಕೈಯಿಂದ ಮುಗಿಸಲು ಜಾಗ ಬೇಕಲ್ಲ! ಎಷ್ಟೋ ಸೂಟ್‌ಗಳಲ್ಲಿ ಲೈನಿಂಗೂ ಒಳಗೆ ತೊಡುವ ಬ್ಲೌಸೂ ಒಂದೇ ರೇಷ್ಮೆಯವು.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ತೋಳಿನ ಕೆಲಸ. ಕಂಕುಳ ಸುತ್ತು ಅಗಲವಾಗಿದ್ದರೆ ಆರಾಮ ಎಂದು ನಾವೆಲ್ಲ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಕೆಳಗಿಳಿದಷ್ಟೂ, ಕೈ ಎತ್ತಿದಾಗ ಇಡೀ ಜಾಕೆಟ್ ಜೊತೆಯಲ್ಲೇ ಮೇಲೇಳುತ್ತದೆ. ಶನೆಲ್ ಕಂಕುಳನ್ನು ಮೇಲಕ್ಕೆ, ಮೈಗೆ ಹತ್ತಿರವಾಗಿ ಕತ್ತರಿಸಿ, ಕೈ ಆಡಲು ಬೇಕಾದ ಸಡಿಲವನ್ನು ತೋಳಿನಲ್ಲೇ ಇಟ್ಟರು. ಇದು ಸರಿಬರುವ ತನಕ ಅವರಿಗೆ ಸಮಾಧಾನವಿರಲಿಲ್ಲ. ರೂಪದರ್ಶಿಯ ಮೈಮೇಲೆಯೇ ತೋಳು ಬಿಚ್ಚಿ, ಪಿನ್ ಚುಚ್ಚಿ, ಮತ್ತೆ ಮತ್ತೆ ಕೂರಿಸುತ್ತಿದ್ದರು.

ಜೇಬುಗಳು ತೋರಿಕೆಯವಲ್ಲ, ಕೈ ಇಳಿಬಿಡಬಹುದಾದ ನಿಜವಾದ ಜೇಬುಗಳು. ಗುಂಡಿಯಿದ್ದರೆ ಅದಕ್ಕೆ ಕಾಜಾ ಇರಲೇಬೇಕು. ಸಿಂಹ ರಾಶಿಯವರಾದ ಶನೆಲ್‌ಗೆ ಸಿಂಹದ ಮುಖದ ಗುಂಡಿಗಳೆಂದರೆ ಇಷ್ಟ.

1963ರಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ದಿನ ಅವರ ಪತ್ನಿ ಜಾಕ್ವೆಲಿನ್ ತೊಟ್ಟಿದ್ದ ಗುಲಾಬಿ ಸೂಟ್ ಕೂಡ ಇದೇ ವಿನ್ಯಾಸದ್ದು. ಶನೆಲ್ ಕಡೆಯಿಂದ ಸಾಮಗ್ರಿ ತರಿಸಿ ನ್ಯೂಯಾರ್ಕ್‌ನ ಷೇ ನಿನೋನ್ ಎಂಬ ಉಡುಪಿನ ಮಳಿಗೆಯಲ್ಲಿ ಹೊಲಿದದ್ದು ಅದು. ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 2103ರವರೆಗೆ ಸಾರ್ವಜನಿಕ ಪ್ರದರ್ಶನಕ್ಕಿಲ್ಲ.

ಇನ್ನು ಮುಂದೆ ಜಾಕೆಟ್ ಹೊಲಿಸುವಾಗ ಟ್ರಯಲ್‌ಗೆ ಕನ್ನಡಿ ಮುಂದೆ ನೆಟ್ಟಗೆ ನಿಂತು ಬಂದುಬಿಡಬೇಡಿ. ಎರಡೂ ಕೈ ಎತ್ತಿ ನೋಡಿ, ಕೂತು ಎದ್ದು ನೋಡಿ. ಜಾಕೆಟ್ ಮೇಲೆ ಸರಿದರೆ ಕಂಕುಳ ಸರಿಮಾಡಿಕೊಡಲು ಟೇಲರ್‌ಗೆ ಅಲ್ಲೇ ಹೇಳಿ.