ಟ್ರ್ಯಾಕ್ ಡೇಗೆ ಯಾವ ಟೈರ್ ಬೆಸ್ಟ್? ಹೆಚ್ಚು ಗ್ರಿಪ್‌ನ ಟೈರ್ ಕೊಳ್ಳುವ ಮುನ್ನ ಈ ಲೆಕ್ಕ ತಿಳಿದಿರಲಿ

ನವದೆಹಲಿ: ಭಾನುವಾರ ನಸುಕಿನ 5 ಗಂಟೆ. ಪಶ್ಚಿಮ ದೆಹಲಿಯ ಜನಕಪುರಿಯಿಂದ ಕಾರೊಂದು ಗ್ರೇಟರ್ ನೋಯ್ಡಾದತ್ತ ಹೊರಡುತ್ತದೆ ಎಂದುಕೊಳ್ಳಿ. ಸುಮಾರು 60 ಕಿ.ಮೀ. ದಾರಿ ಕ್ರಮಿಸಿ ಅದು ತಲುಪಬೇಕಿರುವುದು ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ದಿನವಿಡೀ ಅಲ್ಲಿ ಜೋರಾಗಿ ಓಡಿ, ಸಂಜೆ ಅದೇ ಕಾರು, ಅದೇ ನಾಲ್ಕು ಟೈರ್‌ಗಳ ಮೇಲೆ ಮನೆಗೆ ಮರಳಬೇಕು. ಹವ್ಯಾಸಿ ಚಾಲಕರು ಟೈರ್ ಕೊಳ್ಳುವಾಗ ಮರೆಯುವುದು ಈ ಕೊನೆಯ ಮಾತನ್ನೇ. ಟ್ರ್ಯಾಕ್‌ನಲ್ಲಿ ಚೆನ್ನಾಗಿ ಹಿಡಿಯುವ ಟೈರ್, ಚಳಿಯ ಮುಂಜಾವಿನ ಎಕ್ಸ್‌ಪ್ರೆಸ್‌ವೇನಲ್ಲಿ ಅಥವಾ ಮಳೆ ನಿಂತ ರಸ್ತೆಯಲ್ಲಿ ಕೈಕೊಡಬಹುದು. ಹಾಗಾದರೆ ಯಾವ ಟೈರ್ ಆರಿಸಬೇಕು? ಇಲ್ಲಿದೆ ಸಂಪೂರ್ಣ ಮಾಹಿತಿ.

ಏನಿದು ಟ್ರ್ಯಾಕ್ ಡೇ?

ಟ್ರ್ಯಾಕ್ ಡೇ ರೇಸ್ ಅಲ್ಲ. ಇಲ್ಲಿ ಗೆಲುವು ಸೋಲು ಇರುವುದಿಲ್ಲ. ನಿಗದಿತ ಶುಲ್ಕ ಕಟ್ಟಿ, ಹೆಲ್ಮೆಟ್ ಮುಂತಾದ ಸುರಕ್ಷತಾ ನಿಯಮ ಪಾಲಿಸಿ, ಸಾಮಾನ್ಯ ಜನ ತಮ್ಮ ಸ್ವಂತ ಕಾರು ಅಥವಾ ಬೈಕನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಅವಕಾಶವಿದು. 2011ರಿಂದ 2013ರವರೆಗೆ ಫಾರ್ಮುಲಾ ಒನ್ ಇಂಡಿಯನ್ ಗ್ರ್ಯಾನ್ ಪ್ರೀ ನಡೆದದ್ದು, 2023ರ ಸೆಪ್ಟೆಂಬರ್‌ನಲ್ಲಿ ಮೋಟೊಜಿಪಿ ಬೈಕ್‌ಗಳು ಓಡಿದ್ದು ಇದೇ ಬುದ್ಧ ಸರ್ಕ್ಯೂಟ್‌ನಲ್ಲಿ. ಒಂದು ಸುತ್ತಿಗೆ 5.125 ಕಿ.ಮೀ. ಉದ್ದ, 16 ತಿರುವು, ಒಂದು ಕಿ.ಮೀ.ಗೂ ಮಿಕ್ಕಿದ ನೇರ ಹಾದಿ. ನಗರದ ರಸ್ತೆಯಲ್ಲಿ ವರ್ಷವಿಡೀ ಬೀಳದಷ್ಟು ಒತ್ತಡ ಟೈರ್ ಮೇಲೆ ಇಲ್ಲಿ 20 ನಿಮಿಷದಲ್ಲಿ ಬೀಳುತ್ತದೆ.

ರಬ್ಬರ್ ರಸ್ತೆಯನ್ನು ಹಿಡಿಯುವುದು ಹೇಗೆ?

ಟೈರ್‌ನ ಹಿಡಿತ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು, ರಬ್ಬರ್ ರಸ್ತೆಯ ಮೇಲ್ಮೈಗೆ ಕ್ಷಣಕಾಲ ಅಂಟಿಕೊಳ್ಳುವುದು. ಎರಡನೆಯದು, ರಸ್ತೆಯ ಸಣ್ಣ ಸಣ್ಣ ಜಲ್ಲಿಯ ಏರುತಗ್ಗುಗಳಿಗೆ ರಬ್ಬರ್ ಒತ್ತಿಕೊಂಡು ಆಕಾರ ಬದಲಿಸುವುದು. ರಬ್ಬರ್ ಮೆತ್ತಗಿದ್ದಷ್ಟೂ ಈ ಎರಡೂ ಕೆಲಸ ಚೆನ್ನಾಗಿ ನಡೆಯುತ್ತವೆ. ಆದರೆ ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ.

ಇದರ ಜತೆಗೆ ಶಾಖದ ಪಾತ್ರವೂ ಇದೆ. ಪ್ರತಿ ಟೈರ್‌ಗೂ ತನ್ನದೇ ಆದ ಕೆಲಸದ ಉಷ್ಣಾಂಶವಿರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ರಬ್ಬರ್ ಗಟ್ಟಿಯಾಗಿ ಜಾರುತ್ತದೆ. ಮೀರಿ ಬಿಸಿಯಾದರೆ ಎಣ್ಣೆ ಸವರಿದಂತೆ ಹಿಡಿತ ಬಿಡುತ್ತದೆ. ಸಾಮಾನ್ಯ ರಸ್ತೆ ಟೈರ್ ತಣ್ಣಗಿದ್ದಾಗಲೂ ಕೆಲಸ ಮಾಡುತ್ತದೆ, ಆದರೆ ಟ್ರ್ಯಾಕ್‌ನಲ್ಲಿ ಕೆಲವೇ ಸುತ್ತುಗಳಲ್ಲಿ ಮಿತಿಮೀರಿ ಕಾಯುತ್ತದೆ. ಟ್ರ್ಯಾಕ್ ಟೈರ್‌ನದ್ದು ಇದಕ್ಕೆ ತದ್ವಿರುದ್ಧ ಸ್ವಭಾವ.

ಗ್ರಿಪ್ ಹೆಚ್ಚಾದರೆ ಲಾಭವೆಷ್ಟು?

ಸರಳ ಲೆಕ್ಕವೊಂದನ್ನು ನೋಡಿ. ಒಳ್ಳೆಯ ರಸ್ತೆ ಟೈರ್‌ನ ಘರ್ಷಣಾಂಕ 0.9, ಮೆತ್ತನೆಯ ಟೈರ್‌ನದ್ದು 1.1 ಎಂದು ಇಟ್ಟುಕೊಳ್ಳೋಣ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯದು ಗಂಟೆಗೆ ಸುಮಾರು 75 ಕಿ.ಮೀ. ವೇಗ ತಡೆದರೆ, ಎರಡನೆಯದು ಸುಮಾರು 83 ಕಿ.ಮೀ. ತಡೆಯುತ್ತದೆ. ಗಂಟೆಗೆ 160 ಕಿ.ಮೀ. ವೇಗದಿಂದ ಬ್ರೇಕ್ ಹಾಕಿದರೆ ಮೊದಲನೆಯದು ನಿಲ್ಲಲು ಸುಮಾರು 112 ಮೀಟರ್ ಬೇಕು. ಎರಡನೆಯದಕ್ಕೆ 92 ಮೀಟರ್ ಸಾಕು. ಎರಡಕ್ಕೂ 20 ಮೀಟರ್ ಅಂತರ!

ಇದು ಕಾಗದದ ಮೇಲಿನ ಲೆಕ್ಕ. ವಾಹನದ ತೂಕ, ಸಸ್ಪೆನ್ಷನ್, ಬ್ರೇಕ್, ಚಾಲಕನ ಕೌಶಲ ಎಲ್ಲವೂ ಇದನ್ನು ಬದಲಿಸುತ್ತವೆ. ಆದರೂ ಎಂಜಿನ್‌ಗೆ ಹಣ ಸುರಿಯುವ ಮುನ್ನ ಟೈರ್ ನೋಡಿ ಎಂದು ಅನುಭವಿಗಳು ಹೇಳುವುದು ಏಕೆಂದು ಇದರಿಂದ ಅರ್ಥವಾಗುತ್ತದೆ.

ಟೈರ್‌ಗಳಲ್ಲಿ ನಾಲ್ಕು ಬಗೆ

1. ಕಂಪನಿಯಿಂದಲೇ ಬರುವ ಟೈರ್: ಮೈಲೇಜ್ ಮತ್ತು ಬಾಳಿಕೆಗೆ ಆದ್ಯತೆ. ಮೊದಲ ಒಂದೆರಡು ಟ್ರ್ಯಾಕ್ ಡೇಗೆ ಇದೇ ಸಾಕು. ಹಿಡಿತ ತಪ್ಪುವ ಮೊದಲೇ ಕಿರುಗುಟ್ಟಿ ಎಚ್ಚರಿಸುತ್ತದೆ, ಕಡಿಮೆ ವೇಗದಲ್ಲೇ ತಪ್ಪು ತೋರಿಸುತ್ತದೆ.

2. ಸ್ಪೋರ್ಟ್ಸ್ ರಸ್ತೆ ಟೈರ್: ಕಾರುಗಳಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಬೈಕ್‌ಗಳಲ್ಲಿ ಪಿರೆಲ್ಲಿ ಡಯಾಬ್ಲೊ ರೊಸ್ಸೊ ಸರಣಿ, ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಎಕ್ಸ್‌ಟ್ರೀಮ್, ಅಪೋಲೊ ಆಲ್ಫಾ ಎಚ್1 ಮುಂತಾದವು ಈ ಸಾಲಿನವು. ಒಣ ರಸ್ತೆ, ಒದ್ದೆ ರಸ್ತೆ ಎರಡಕ್ಕೂ ಸೈ.

3. ಸೆಮಿ ಸ್ಲಿಕ್: ಕಾಲುವೆಗಳು ಕಡಿಮೆ, ರಬ್ಬರ್ ಮೆತ್ತಗೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಬೈಕ್‌ಗಳಿಗೆ ಪಿರೆಲ್ಲಿ ಡಯಾಬ್ಲೊ ಸೂಪರ್‌ಕೋರ್ಸಾ ಇದಕ್ಕೆ ಉದಾಹರಣೆ. ಒಣ ಟ್ರ್ಯಾಕ್‌ನಲ್ಲಿ ಅದ್ಭುತ. ನೀರು ನಿಂತ ರಸ್ತೆಯಲ್ಲಿ ತೇಲುವ ಅಪಾಯ ಹೆಚ್ಚು.

4. ಸ್ಲಿಕ್: ಕಾಲುವೆಗಳೇ ಇಲ್ಲದ ಶುದ್ಧ ರೇಸ್ ಟೈರ್. ಇದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಬೇರೆ ವಾಹನದಲ್ಲಿ ಒಯ್ದು ಟ್ರ್ಯಾಕ್‌ನಲ್ಲೇ ಬದಲಿಸಬೇಕು. ಬೈಕ್‌ಗಾದರೆ ಟೈರ್ ವಾರ್ಮರ್ ಕೂಡ ಬೇಕು. ಹೊಸಬರಿಗೆ ಇದರ ಅಗತ್ಯವಿಲ್ಲ.

ಟೈರ್ ಪಕ್ಕದ ಸಂಖ್ಯೆ ಏನು ಹೇಳುತ್ತದೆ?

ಉದಾಹರಣೆಗೆ 195/55 ಆರ್16 87ವಿ ಎಂದಿದ್ದರೆ, ಟೈರ್ ಅಗಲ 195 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 55, ರಿಮ್ 16 ಇಂಚು ಎಂದರ್ಥ. 87 ಎಂದರೆ ಆ ಟೈರ್ ಹೊರಬಲ್ಲ ಭಾರ 545 ಕೆ.ಜಿ. ಕೊನೆಯ ಅಕ್ಷರ ವೇಗದ ಮಿತಿ: ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ 210, ವಿ 240, ಡಬ್ಲ್ಯು 270, ವೈ 300. ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಭಾರದ ಅಥವಾ ಕಡಿಮೆ ವೇಗದ ಗುರುತಿನ ಟೈರ್ ಹಾಕಲೇಬಾರದು.

ತಯಾರಿಕೆಯ ದಿನಾಂಕವನ್ನೂ ನೋಡಿ. ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದ ಟೈರ್. ಬಳಸದೆ ಗೋದಾಮಿನಲ್ಲಿ ಕೂತರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ರಿಯಾಯಿತಿ ದರದ ಹಳೆಯ ಸರಕು ಕೊಳ್ಳುವಾಗ ಇದು ನೆನಪಿರಲಿ.

ಕೆಲವು ಕಾರ್ ಟೈರ್‌ಗಳ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆಯೂ ಇರುತ್ತದೆ. ಇದು ಅಮೆರಿಕದ ಪದ್ಧತಿ. ಸಂಖ್ಯೆ ಕಡಿಮೆಯಾದಷ್ಟೂ ಟೈರ್ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹಿಡಿತ ಹೆಚ್ಚಿರುತ್ತದೆ. ಪೈಲಟ್ ಸ್ಪೋರ್ಟ್ 4ಎಸ್‌ನದ್ದು 300, ಕಪ್ 2ನದ್ದು 180. ಆದರೆ ಈ ಸಂಖ್ಯೆಯನ್ನು ಆಯಾ ಕಂಪನಿಯೇ ನೀಡುವುದರಿಂದ ಎರಡು ಬೇರೆ ಬ್ರ್ಯಾಂಡ್‌ಗಳನ್ನು ಹೋಲಿಸಲು ಇದನ್ನೇ ನೆಚ್ಚಿಕೊಳ್ಳಬಾರದು. ಬೈಕ್ ಟೈರ್‌ಗಳಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ.

ಅಗಲ ಹೆಚ್ಚಿಸಿದರೆ ಗ್ರಿಪ್ ಹೆಚ್ಚುತ್ತದೆಯೇ?

ಎಲ್ಲ ಸಲವೂ ಅಲ್ಲ. ಕೆಟಿಎಂ ಆರ್‌ಸಿ 390, ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕ್‌ಗಳ ಹಿಂಬದಿ ಟೈರ್ ಅಳತೆ 150/60. ನೋಡಲು ಚೆಂದ ಎಂದು ಅದೇ ರಿಮ್‌ಗೆ ಇನ್ನೂ ಅಗಲದ ಟೈರ್ ತುರುಕಿದರೆ ಅದರ ಎರಡೂ ಪಕ್ಕ ಒಳಕ್ಕೆ ಒತ್ತಿಕೊಂಡು ದುಂಡಗಿನ ಆಕಾರ ಕೆಡುತ್ತದೆ. ಬೈಕ್ ವಾಲಿದಾಗ ನೆಲಕ್ಕೆ ತಾಗುವ ಭಾಗ ಹೆಚ್ಚುವ ಬದಲು ಕಡಿಮೆಯಾಗಬಹುದು, ತಿರುವಿಗೆ ಇಳಿಯುವುದೂ ನಿಧಾನವಾಗುತ್ತದೆ. ಕಾರಿನಲ್ಲೂ ರಿಮ್ ಅಗಲಕ್ಕೆ ಹೊಂದುವ ಟೈರ್ ಅನ್ನೇ ಹಾಕಬೇಕು. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಹಾಕುವುದು ಅಪಾಯಕಾರಿ. ವಿಶೇಷವಾಗಿ ಮುಂದಿನ ಟೈರ್ ಹೊಸದು, ಹಿಂದಿನವು ಸವೆದವು ಎಂದಾದರೆ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಎಸೆದಂತಾಗಬಹುದು.

ದೆಹಲಿ ಚಳಿ ಮತ್ತು ಗಾಳಿಯ ಒತ್ತಡ

ಜನಕಪುರಿಯಿಂದ ಹೊರಡುವವರು ಹೆಚ್ಚಾಗಿ ಎಡವುವುದು ಇಲ್ಲಿ. ಜನವರಿಯ ಮುಂಜಾನೆ 8 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಟೈರ್‌ಗೆ 32 ಪಿಎಸ್‌ಐ ಗಾಳಿ ಹಾಕಿದ್ದೀರಿ ಎನ್ನೋಣ. ಟ್ರ್ಯಾಕ್‌ನಲ್ಲಿ ಟೈರ್ ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಅದು ಸುಮಾರು 40 ಪಿಎಸ್‌ಐ ಆಗುತ್ತದೆ. ಅದೇ 32 ಪಿಎಸ್‌ಐಯನ್ನು 40 ಡಿಗ್ರಿ ಬಿಸಿಲಿನ ಮಧ್ಯಾಹ್ನ ಹಾಕಿಸಿದ್ದರೆ, ಅದೇ 60 ಡಿಗ್ರಿಯಲ್ಲಿ ಬರುವುದು ಸುಮಾರು 35 ಮಾತ್ರ. ಗೇಜ್ ತೋರಿಸಿದ್ದು ಒಂದೇ ಸಂಖ್ಯೆ, ಟ್ರ್ಯಾಕ್‌ನಲ್ಲಿ ಸಿಕ್ಕಿದ್ದು ಎರಡು ಬೇರೆ ಟೈರ್!

ಒತ್ತಡ ಹೆಚ್ಚಾದರೆ ಟೈರ್ ಉಬ್ಬಿ ನೆಲಕ್ಕೆ ತಾಗುವ ಭಾಗ ಕುಗ್ಗುತ್ತದೆ. ಹೀಗಾಗಿ ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರುವುದು ಬಿಸಿಯಾದ ಮೇಲಿನ ಒತ್ತಡ. ಮೊದಲ ಸೆಷನ್ ಮುಗಿಸಿ ಒಳಬಂದ ಕೂಡಲೇ ಸ್ವಂತ ಗೇಜ್‌ನಿಂದ ಅಳೆದು, ಟೈರ್ ಕಂಪನಿ ಸೂಚಿಸಿದ ಬಿಸಿ ಒತ್ತಡಕ್ಕೆ ಇಳಿಸಬೇಕು. ನೈಟ್ರೋಜನ್ ಹಾಕಿಸಿದರೆ ಒತ್ತಡ ಏರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅದೂ ಇದೇ ನಿಯಮದಂತೆ ಏರುತ್ತದೆ. ತೇವಾಂಶ ಇರುವುದಿಲ್ಲ ಎಂಬುದಷ್ಟೇ ಅದರ ಅನುಕೂಲ.

ಎಲ್ಲಕ್ಕಿಂತ ಮುಖ್ಯ ಸಂಗತಿ ಮುಂದಿದೆ. ಬಿಸಿ ಟೈರ್‌ನಿಂದ ಗಾಳಿ ಬಿಟ್ಟಿದ್ದೀರಿ. ಸಂಜೆ ಟೈರ್ ತಣ್ಣಗಾದಾಗ ಒತ್ತಡ ಅಗತ್ಯಕ್ಕಿಂತ ಕೆಳಗಿಳಿದಿರುತ್ತದೆ. ಹಾಗೇ ಎಕ್ಸ್‌ಪ್ರೆಸ್‌ವೇಗೆ ಇಳಿದರೆ ಟೈರ್‌ನ ಪಕ್ಕಗಳು ಅತಿಯಾಗಿ ಬಾಗಿ, ಕಾದು, ಸಿಡಿಯುವ ಸಾಧ್ಯತೆ ಇದೆ. ಆದ್ದರಿಂದ ಸಣ್ಣ ಏರ್ ಪಂಪ್ ಜತೆಗಿರಲಿ. ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ನಮೂದಿಸಿದ ಒತ್ತಡಕ್ಕೆ ಗಾಳಿ ತುಂಬಿಸಿದ ನಂತರವೇ ಮನೆಯತ್ತ ಹೊರಡಿ.

ಎಡಗಡೆಯ ಟೈರ್ ಮೊದಲು ಸವೆಯುವುದೇಕೆ?

ಬುದ್ಧ ಸರ್ಕ್ಯೂಟ್‌ನಲ್ಲಿ ಓಟ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ಬಲಕ್ಕೆ ತಿರುಗಿದಾಗಲೆಲ್ಲ ಕಾರಿನ ಭಾರ ಎಡಕ್ಕೆ ವಾಲುತ್ತದೆ. 10 ಮತ್ತು 11ನೇ ತಿರುವು ಸೇರಿದ ಉದ್ದನೆಯ ಬಲ ತಿರುವಿನಲ್ಲಂತೂ ಎಡ ಮುಂಭಾಗದ ಟೈರ್ ಬಹಳ ಹೊತ್ತು ಭಾರ ಹೊರುತ್ತದೆ. ಹೀಗಾಗಿ ಪ್ರತಿ ಸೆಷನ್ ನಂತರ ಆ ಟೈರ್‌ನ ಹೊರ ಅಂಚನ್ನು ಬೆಳಕು ಬಿಟ್ಟು ನೋಡಬೇಕು. ಗುಳ್ಳೆ, ಸೀಳು, ಒಳಗಿನ ದಾರ ಕಂಡರೆ ಆ ದಿನದ ಓಟ ಅಲ್ಲಿಗೇ ನಿಲ್ಲಿಸಬೇಕು. ಕಾರ್ ಟೈರ್‌ನ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ರಸ್ತೆಗೂ ಅನರ್ಹ.

ಬರೀ ಟೈರ್ ಬದಲಿಸಿದರೆ ಸಾಲದು

ಹಿಡಿತ ಹೆಚ್ಚಾದರೆ ಚಾಲಕ ತಡವಾಗಿ, ಜೋರಾಗಿ ಬ್ರೇಕ್ ಹಾಕತೊಡಗುತ್ತಾನೆ. ಆ ಶಾಖವನ್ನು ಸಾಮಾನ್ಯ ಬ್ರೇಕ್ ಪ್ಯಾಡ್ ಮತ್ತು ಹಳೆಯ ಬ್ರೇಕ್ ಆಯಿಲ್ ತಡೆಯುವುದಿಲ್ಲ. ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಇಳಿದರೂ ಕಾರು ನಿಲ್ಲದು. ಮೆತ್ತನೆಯ ಟೈರ್ ಕೊಳ್ಳುವ ಬಜೆಟ್‌ನಲ್ಲಿ ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್ ಮತ್ತು ವೀಲ್ ಅಲೈನ್‌ಮೆಂಟ್‌ಗೂ ಜಾಗವಿರಬೇಕು.

ವಿಮೆಯ ವಿಷಯವೂ ಗಮನದಲ್ಲಿರಲಿ. ದೇಶದ ಸಾಮಾನ್ಯ ಖಾಸಗಿ ವಾಹನ ವಿಮೆ ಪಾಲಿಸಿಗಳು ಸಂಘಟಿತ ರೇಸಿಂಗ್, ವೇಗ ಪರೀಕ್ಷೆಯಂಥ ಬಳಕೆಯನ್ನು ವ್ಯಾಪ್ತಿಯಿಂದ ಹೊರಗಿಟ್ಟಿವೆ. ಟ್ರ್ಯಾಕ್‌ನಲ್ಲಿ ಗೋಡೆಗೆ ಗುದ್ದಿದರೆ ರಿಪೇರಿ ಖರ್ಚು ಸ್ವಂತ ಜೇಬಿನಿಂದಲೇ ಬರಬೇಕಾಗಬಹುದು. ಹೋಗುವ ಮುನ್ನ ಪಾಲಿಸಿಯ ಷರತ್ತು ಓದಿ, ವಿಮಾ ಕಂಪನಿಯನ್ನು ಕೇಳಿ.

ಕರ್ನಾಟಕದ ಹವ್ಯಾಸಿಗಳಿಗೆ ಲೆಕ್ಕ ಬೇರೆ

ಕನ್ನಡಿಗರಿಗೂ ಟೈರ್‌ಗೂ ಹಳೆಯ ನಂಟು. ಮೈಸೂರಿನ ವಿಕ್ರಾಂತ್ ಟೈರ್ಸ್ ಅನ್ನು 1997ರಲ್ಲಿ ಜೆಕೆ ಟೈರ್ ವಶಕ್ಕೆ ಪಡೆಯಿತು. ಆ ಕಂಪನಿಯ ಸಂಶೋಧನಾ ಕೇಂದ್ರ ಇರುವುದೂ ಮೈಸೂರಿನಲ್ಲೇ. ಆದರೆ ಬೆಂಗಳೂರಿನವರು ದೊಡ್ಡ ಟ್ರ್ಯಾಕ್‌ಗಾಗಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿಗೆ ಹೋಗಬೇಕು. ಎರಡೂ 300 ಕಿ.ಮೀ. ಆಸುಪಾಸಿನ ಅಥವಾ ಅದಕ್ಕೂ ಮಿಕ್ಕಿದ ದಾರಿ. ಅಷ್ಟು ದೂರ ಅದೇ ಟೈರ್ ಮೇಲೆ ಹೋಗಿಬರುವವರಿಗೆ ಸೆಮಿ ಸ್ಲಿಕ್ ದುಬಾರಿಯೂ ಹೌದು, ಮಳೆ ಸಿಕ್ಕರೆ ಅಪಾಯವೂ ಹೌದು.

ಕೊನೆಗೆ ಯಾವುದು ಕೊಳ್ಳಬೇಕು?

ಮೊದಲ ಬಾರಿ ಹೋಗುವವರು ಹೊಸ ಟೈರ್ ಕೊಳ್ಳುವುದೇ ಬೇಡ. ಇರುವ ಟೈರ್ ಚೆನ್ನಾಗಿದ್ದರೆ ಅದರಲ್ಲೇ ಹೋಗಿ, ಉಳಿದ ಹಣವನ್ನು ತರಬೇತಿಗೆ ಮತ್ತು ಬ್ರೇಕ್‌ಗೆ ಹಾಕಿ. ವರ್ಷಕ್ಕೆ ಎರಡು ಮೂರು ಬಾರಿ ಹೋಗುವವರಿಗೆ, ದಿನನಿತ್ಯವೂ ಅದೇ ವಾಹನ ಬಳಸುವವರಿಗೆ ಸ್ಪೋರ್ಟ್ಸ್ ರಸ್ತೆ ಟೈರ್ ಸೂಕ್ತ. ತಿಂಗಳಿಗೊಮ್ಮೆ ಹೋಗುವವರು ಮಾತ್ರ ಸೆಮಿ ಸ್ಲಿಕ್ ಬಗ್ಗೆ ಯೋಚಿಸಬಹುದು. ಅದನ್ನೂ ಬೇರೆಯೇ ರಿಮ್‌ಗಳಿಗೆ ಹಾಕಿಸಿಟ್ಟು, ಟ್ರ್ಯಾಕ್‌ನಲ್ಲಿ ಬದಲಿಸಿಕೊಳ್ಳುವುದು ಉತ್ತಮ. ಪದೇ ಪದೇ ಕಾದು ತಣಿದ ಮೆತ್ತನೆಯ ರಬ್ಬರ್ ನೋಡಲು ಹೊಸದರಂತೆ ಕಂಡರೂ ಒಳಗೊಳಗೇ ಗಟ್ಟಿಯಾಗಿರುತ್ತದೆ ಎಂಬುದನ್ನು ಮರೆಯಬಾರದು.

ಯಾವುದೇ ಟೈರ್ ಇರಲಿ, ಹೊಸದಾದರೆ ಮೊದಲ 100 ಕಿ.ಮೀ. ಹದವಾಗಿ ಓಡಿಸಿ ಹೊರಮೈ ಪಳಗಿಸಬೇಕು. ಟ್ರ್ಯಾಕ್‌ನಲ್ಲಿ ಮೊದಲ ಸುತ್ತು ಟೈರ್ ಬಿಸಿ ಮಾಡಲು ಮೀಸಲು. ಟ್ರ್ಯಾಕ್‌ನಲ್ಲಿ ಒಂದು ಸೆಕೆಂಡ್ ಉಳಿಸುವುದಕ್ಕಿಂತ, ಮಂಜು ಕವಿದ ರಸ್ತೆಯಲ್ಲಿ ಸುರಕ್ಷಿತವಾಗಿ ಜನಕಪುರಿಗೆ ಮರಳಿಸುವ ಟೈರ್ ಅನ್ನೇ ಒಳ್ಳೆಯ ಟೈರ್ ಎನ್ನಬೇಕು.